ಸಕ್ಕರೆ ಏರುವ ಮುನ್ನ

"ಇನ್ನೊಂದು ಸಲ ತಪ್ಪಿ ಚುಚ್ಚಿದ್ರೆ ಅದೇ ಸೂಜಿ ನಿಮ್ಮ ಕೈಗೆ!"

ಅವಳ ಗದರಿಕೆಗೆ, ಪ್ರಯೋಗಾಲಯದಲ್ಲಿ ಸರದಿ ಕಾಯುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಯುವ ಸಂಶೋಧಕನ ಹಣೆಯಲ್ಲಿ ಬೆವರು. ಎರಡು ಬಾರಿ ಚುಚ್ಚಿದರೂ ನರ ಸಿಕ್ಕಿರಲಿಲ್ಲ.

"ಕ್ಷಮಿಸಿ... ನರ್ಸ್ ಇವತ್ತು ರಜೆ. ನನಗೆ ರಕ್ತ ಪರೀಕ್ಷೆ ಮಾಡೋಕೆ ಬರುತ್ತೆ, ತೆಗೆಯೋಕೆ ಅಷ್ಟಾಗಿ ಬರಲ್ಲ."

ಸಿಟ್ಟಿನಲ್ಲೂ ಅವಳಿಗೆ ನಗು ಬಂತು. "ಹಾಗಿದ್ರೆ ಆ ಕೈ ಬಿಡಿ. ಈ ಕೈ ನೋಡಿ."

ಅವಳು ಹುಡುಗಿಯರ ವಾಲಿಬಾಲ್ ಕೋಚ್. ತುಂಬಿದ ಮೈ, ಗಟ್ಟಿ ದನಿ. ಅಮ್ಮನಿಗೆ ಸಕ್ಕರೆ ಕಾಯಿಲೆ ಇರುವುದು ಮನೆಯವರಿಗೆ ತಿಳಿದದ್ದೇ ಆಕೆಯ ಕಣ್ಣು ಮಂಜಾದ ಮೇಲೆ. ಅದಕ್ಕೇ, ಹೆಂಗಸರ ರಕ್ತದಲ್ಲಿ ಆ ಕಾಯಿಲೆಯ ಮುನ್ಸೂಚನೆ ಹುಡುಕುವ ಈ ಅಧ್ಯಯನಕ್ಕೆ ತಾನಾಗಿಯೇ ಸೇರಿದ್ದಳು.

ಅಲ್ಲಿಂದಾಚೆ ಸಂಜೆಯಾದರೆ ಅವನು ಮೈದಾನದ ಬೇಲಿ ಪಕ್ಕ ಹಾಜರ್. ಅವಳು "ಸೂಜಿ ಸಾಹೇಬ್ರೇ" ಎಂದು ಛೇಡಿಸುವುದು, ಅವನು ಕಿವಿ ಕೆಂಪಗೆ ಮಾಡಿಕೊಳ್ಳುವುದು... ಇಬ್ಬರ ಮಾತು ಮುಗಿಯುತ್ತಲೇ ಇರಲಿಲ್ಲ.

ಫಲಿತಾಂಶ ಬಂದ ದಿನ ಅವನು ಎದುರಿಗೆ ಕೂತು ನಿಧಾನವಾಗಿ ಹೇಳಿದ.

"ಸಕ್ಕರೆ ಸರಿಯಾಗೇ ಇದೆ. ಆದ್ರೆ ಅದನ್ನ ಹಿಡಿತದಲ್ಲಿಡೋಕೆ ನಿಮ್ಮ ದೇಹ ವಿಪರೀತ ಇನ್ಸುಲಿನ್ ಸುರೀತಿದೆ. ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ಏರಿದೆ, ಒಳ್ಳೇ ಕೊಲೆಸ್ಟ್ರಾಲ್ ಇಳಿದಿದೆ. ಕಾಯಿಲೆ ಇನ್ನೂ ಬಂದಿಲ್ಲ... ಬರೋ ಲಕ್ಷಣ ಇದೆ."

"ತಡೀಬಹುದಾ?"

"ತುಂಬಾ ಜನ ತಡೆದಿದ್ದಾರೆ. ಈಗಲೇ ಗೊತ್ತಾಗಿದ್ದು ಒಳ್ಳೇದಾಯ್ತು."

ಮರುದಿನದಿಂದ ಅವನು ಬರಲಿಲ್ಲ. ಫೋನೂ ಎತ್ತಲಿಲ್ಲ!

"ನಿನ್ನ ರಕ್ತ ನೋಡಿ ಕಾಲ್ಕಿತ್ತ, ಅಷ್ಟೇ," ಎಂದರು ಅತ್ತಿಗೆ, ಬಟ್ಟೆ ಮಡಿಸುತ್ತಾ. "ಇನ್ಮೇಲಾದ್ರೂ ಈ ವಿಷಯ ಯಾರ ಹತ್ರನೂ ಬಾಯಿಬಿಡಬೇಡ. ರೋಗ ಬರೋ ಹುಡುಗಿ ಅಂದ್ರೆ ಯಾರೂ ತಿರುಗಿ ನೋಡಲ್ಲ."

ಅತ್ತಿಗೆಯ ಮಾತು ನಿಜವಿರಬಹುದೇ? ಆದರೆ ಅಮ್ಮನೂ ಹೀಗೇ ಅಲ್ಲವೇ ಎಲ್ಲವನ್ನೂ ಮುಚ್ಚಿಟ್ಟದ್ದು... ಸುಸ್ತು, ಬಾಯಾರಿಕೆ, ಎಲ್ಲವನ್ನೂ!

"ಮುಚ್ಚಿಡೋಕೆ ನಾನೇನು ಕಳ್ಳತನ ಮಾಡಿದೀನಾ ಅತ್ತಿಗೆ? ಬಿಟ್ಟು ಹೋಗೋನು ನನ್ನ ಮುಖ ನೋಡಿ ಹೇಳಿ ಹೋಗಲಿ!"

ನೇರ ಪ್ರಯೋಗಾಲಯಕ್ಕೆ ನಡೆದಳು. ಅವನು ತನ್ನ ಮೇಜಿನ ಸಾಮಾನೆಲ್ಲ ಡಬ್ಬಕ್ಕೆ ತುಂಬುತ್ತಿದ್ದ.

"ನನ್ನ ರಕ್ತ ಕಂಡು ಹೆದರಿದ್ರಾ?" ಕಾಯುತ್ತಿದ್ದ ಹೆಂಗಸರೆದುರೇ ಕೇಳಿದಳು. "ಇದರಲ್ಲಿ ನನಗೆ ನಾಚಿಕೆಯಿಲ್ಲ. ನಿಮಗಿದ್ರೆ ಹೇಳಿಬಿಡಿ!"

ಅವನ ಮುಖ ಬಿಳಿಚಿತು. "ಅಯ್ಯೋ, ಹಾಗಲ್ಲ! ಈ ಅಧ್ಯಯನದಿಂದ ನನ್ನನ್ನ ತೆಗೀರಿ ಅಂತ ನಾನೇ ಕೇಳ್ಕೊಂಡೆ. ಇಲ್ಲಿಗೆ ಬರೋರನ್ನ ಸಂಶೋಧಕರು ಪ್ರೀತಿಸೋ ಹಾಗಿಲ್ಲ... ನಾನು ಪ್ರೀತಿಸಿಬಿಟ್ಟಿದ್ದೆ. ನನ್ನ ಜಾಗಕ್ಕೆ ಬೇರೆಯವರು ಬರೋವರೆಗೂ ದೂರ ಇರಬೇಕಿತ್ತು. ಇವತ್ತು ಬಂದ್ರು."

"ಒಂದು ಮಾತು ಹೇಳೋಕೇನಾಗಿತ್ತು?"

"ಹೇಳಿದ್ರೆ ನನಗೋಸ್ಕರ ನೀವೇ ಅಧ್ಯಯನ ಬಿಟ್ಟುಬಿಡ್ತೀರೇನೋ ಅಂತ..."

"ನಾನು ಏನು ಬಿಡಬೇಕು, ಏನು ಇಟ್ಕೋಬೇಕು ಅನ್ನೋದು ನನ್ನ ತೀರ್ಮಾನ. ಅತ್ತಿಗೆದೂ ಅಲ್ಲ, ನಿಮ್ಮದೂ ಅಲ್ಲ!"

"ತಪ್ಪಾಯ್ತು," ಎಂದ ಅವನು ಮೆಲ್ಲಗೆ.

ಕುರ್ಚಿಯಲ್ಲಿದ್ದ ಅಜ್ಜಿಯೊಬ್ಬರು ತಡೆಯಲಾರದೆ, "ಬೈದಿದ್ದು ಸಾಕು ತಾಯಿ! ಹುಡುಗ ಪ್ರೀತಿ ಅಂತಿದಾನೆ, ಅದಕ್ಕೆ ಉತ್ತರ ಕೊಡು!" ಎಂದರು.

ಎಲ್ಲರೂ ನಕ್ಕರು. ಅವಳ ಕಣ್ಣು ಮಾತ್ರ ತುಂಬಿಬಂತು.

"ಮುಂದೆ ಕಾಯಿಲೆ ಬಂದೇ ಬಿಟ್ರೆ?"

"ಬರಬಹುದು. ಬರೋದೇ ಇಲ್ಲ ಅಂತ ಸುಳ್ಳು ಹೇಳಲ್ಲ. ನೀವು ಅದರ ಜೊತೆ ಜಗಳ ಆಡುವಾಗ ಪಕ್ಕದಲ್ಲಿರ್ತೀನಿ."

"ಅಡ್ಡ ಬರಲ್ಲ ತಾನೆ?"

"ಇಲ್ಲ. ಪಕ್ಕದಲ್ಲಿ ಮಾತ್ರ."

ಅವಳು ಅವನ ಕೈ ಹಿಡಿದಳು. "ಹಾಗಾದ್ರೆ ಈ 'ನೀವು' ಅನ್ನೋದನ್ನ ಬಿಡು."

"ನೀನು..." ಅವನ ಕಿವಿ ಮತ್ತೆ ಕೆಂಪಾಯಿತು.

"ಇನ್ನೊಂದ್ಸಲ ಹೇಳು."