ಅದು ಇಲ್ಲಿರೋದು ಬೇಡ!

“ಮೊದಲು ಆ ಯಂತ್ರ ನಿಲ್ಲಿಸ್ರೀ!”

ಉಕ್ಕು ಕಡೆಯುತ್ತ ತಿರುಗುತ್ತಿದ್ದ ಲೇತ್ ನಿಂತಿತು. ಅದನ್ನು ನಡೆಸುತ್ತಿದ್ದ ಟರ್ನರ್ ತಲೆಯೆತ್ತಿದ. ಅದೇ ಕೋಣೆಯ ಮೂಲೆಯಲ್ಲಿದ್ದ ವಾಷಿಂಗ್ ಮಷೀನಿನ ಮುಂದೆ, ಹಿಂದಿನ ದಿನವಷ್ಟೇ ಮಹಡಿಯ ಬಾಡಿಗೆಗೆ ಬಂದಿದ್ದ ನರ್ಸ್ ನಿಂತಿದ್ದಳು. ಅವಳ ಕೈಯಲ್ಲಿದ್ದ ಒದ್ದೆ ಸಮವಸ್ತ್ರದ ಕಾಲರಿನಲ್ಲಿ ಕೂದಲೆಳೆಯಂಥ ಉಕ್ಕಿನ ಚೂರು. ಬೆರಳಲ್ಲಿ ರಕ್ತದ ಹನಿ.

“ಇದು ಬಟ್ಟೆ ಒಗೆಯೋ ಜಾಗವೋ, ಕಾರ್ಖಾನೆಯೋ?”

“ಎರಡೂ,” ಎಂದ ಅವನು ತಗ್ಗಿದ ದನಿಯಲ್ಲಿ. “ಮಷೀನಿನ ತೇವಕ್ಕೆ ನನ್ನ ಲೇತ್ ತುಕ್ಕು ಹಿಡಿಯುತ್ತೆ. ಲೇತಿನ ಚೂರು ನಿಮ್ಮ ಬಟ್ಟೆಗೆ ಹಾರುತ್ತೆ. ಎಣ್ಣೆ-ಸೀಗೇಕಾಯಿ ಸಂಬಂಧ!”

“ಸುಮ್ಮನಿರಪ್ಪ!” ಮನೆಯೊಡತಿ ಅಜ್ಜಿ ಗದರಿದರು. “ಪಾಪ, ಅದು ಈಗಷ್ಟೇ ಬಂದಿದೆ.”

ಅಂದಿನಿಂದ ಅಜ್ಜಿಯ ಬಾಯಲ್ಲಿ ಅವಳು ‘ಅದು’. ಮನೆಯ ಮುದ್ದಿನ ಮಗುವಿದ್ದಂತೆ.

ಆರು ತಿಂಗಳು ಕಳೆದವು. ಅವಳು ಬಟ್ಟೆ ಹಾಕುವ ಮೊದಲು ಅವನು, ತನ್ನ ಬಟ್ಟೆಯನ್ನೂ ಒಗೆದುಕೊಳ್ಳುತ್ತಿದ್ದ ಆ ಮಷೀನಿನ ಒಳಗೆಲ್ಲ ಒರೆಸಿಡುತ್ತಿದ್ದ. ಒಗೆತ ಮುಗಿದ ಮೇಲೆ ಅವಳು ಲೇತಿಗೆ ಎಣ್ಣೆಬಟ್ಟೆ ಸವರುತ್ತಿದ್ದಳು. ಮಾತು ಕಡಿಮೆ, ಕಾಯುವಿಕೆ ಹೆಚ್ಚು...

ಆಮೇಲೆ ಆ ಸೋಮವಾರ ಬಂತು.

ಹೆರಿಗೆ ವಾರ್ಡಿನಲ್ಲಿ ಅವಳ ಹೆಗಲಿಗೆ ಒರಗಿದ್ದ ಹಸುಗೂಸು ಚೀರಿತು. ಎಳೆಗೆನ್ನೆಯ ಮೇಲೆ ಕೆಂಪು ಗೀರು. ಸಮವಸ್ತ್ರದಲ್ಲಿ ಅಡಗಿದ್ದ ಉಕ್ಕಿನ ಚೂರು! ಎಲ್ಲರೆದುರು ಬೈಸಿಕೊಂಡು ಬಂದವಳು ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು.

“ಅವರಿಗೆ ಹೇಳ್ಬೇಡಿ ಅಜ್ಜಿ... ನೊಂದ್ಕೋತಾರೆ.”

ಮರುದಿನ ಬೆಳಿಗ್ಗೆ ಅವಳು ಮೆಟ್ಟಿಲಿಳಿಯುತ್ತಿದ್ದಾಗ ಅವನ ದನಿ ಕೇಳಿಸಿತು.

“ಅದು ಇಲ್ಲಿರೋದು ಬೇಡ ಅಜ್ಜಿ. ಇವತ್ತೇ ಕಳಿಸಿಬಿಡೋಣ. ಕಣ್ಣೆದುರು ಇಟ್ಕೊಂಡು ಬದುಕೋಕೆ ನನ್ನಿಂದಾಗಲ್ಲ.”

ಅವಳು ಅರ್ಧ ಮೆಟ್ಟಿಲಿನಿಂದಲೇ ಮೇಲಕ್ಕೆ ತಿರುಗಿದಳು.

ಅದು... ನಾನಾ? ನಾನೇ ಬೇಡವಾದೆನೆ?

ಒಂದು ಗಂಟೆಯಲ್ಲಿ ಚೀಲ ತುಂಬಿತು. ಒಣಗಿದ ಬಟ್ಟೆ ಒಯ್ಯಲು ಕೆಳಗಿಳಿದಾಗ ಅವನು ಮಂಡಿಯೂರಿ ಲೇತಿನ ಬೋಲ್ಟ್ ಬಿಚ್ಚುತ್ತಿದ್ದ.

“ನನ್ನನ್ನ ಯಾರೂ ಕಳಿಸ್ಬೇಕಾಗಿಲ್ಲ. ನಾನೇ ಹೊರಟೆ.”

“ಎಲ್ಲಿಗೆ?”

“‘ಅದು ಇಲ್ಲಿರೋದು ಬೇಡ’ ಅಂದ್ರಲ್ಲ!”

ಅವನ ಕೈಯಿಂದ ಸ್ಪ್ಯಾನರ್ ಜಾರಿತು.

“ಅಯ್ಯೋ, ಲೇತಿನ ವಿಷಯ ಕಣ್ರೀ! ಆ ಮಗುವಿಗೆ ಆಗಿದ್ದನ್ನ ಅಜ್ಜಿ ಹೇಳಿಬಿಟ್ರು. ಕೊಳ್ಳೋನು ಮಧ್ಯಾಹ್ನ ಬರ್ತಾನೆ.”

“ನಿಮ್ಮ ಅನ್ನ ಅದು! ಕೊಟ್ಟು ಏನ್ಮಾಡ್ತೀರಿ?”

“ಎಲ್ಲಾದ್ರೂ ಕೂಲಿಗೆ ಸೇರ್ತೀನಿ. ಲೇತ್ ಇನ್ನೊಂದು ಸಿಗಬಹುದು...” ಅವನು ಬಿದ್ದ ಸ್ಪ್ಯಾನರನ್ನು ಎತ್ತಿಕೊಂಡ. “ನೀವು?”

ಅವಳು ಚೀಲವನ್ನು ಕೆಳಗಿಟ್ಟಳು. ಮೆಲ್ಲನೆ ಹೋಗಿ ವಾಷಿಂಗ್ ಮಷೀನಿನ ಪ್ಲಗ್ ಕಿತ್ತಳು.

“ಬೋಲ್ಟ್ ಬಿಗೀರಿ. ಆಮೇಲೆ ಇದಕ್ಕೆ ಒಂದು ಕೈ ಹಾಕಿ. ಅಜ್ಜೀನ ಒಪ್ಪಿಸಿ ಇದನ್ನ ಮಹಡಿಗೆ ಸಾಗಿಸೋಣ.”

“ಆಗ... ನನ್ನ ಬಟ್ಟೆ?”

“ಚೆನ್ನಾಗಿ ಕೊಡವಿ ಮೇಲಕ್ಕೆ ತನ್ನಿ.”

“ದಿನಾ ಬಂದು ಹೋದ್ರೆ ಜನ ಏನಂತಾರೆ?”

ಅವಳ ಕಣ್ಣು ತುಂಬಿದವು.

“ಬಂದು ಹೋಗೋರನ್ನ ತಾನೇ ಜನ ಆಡ್ಕೊಳ್ಳೋದು? ನೀವು ನನ್ನನ್ನ ಮದುವೆಯಾಗಿ ಬನ್ನಿ... ಉಳಿಯೋಕೆ.”