ಹನ್ನೊಂದನೇ ಪಟ್ಟಿ

"ಕಾಲು ತೆಗಿಯೇ ಪಿಟೀಲು, ಗೆರೆ ಹಾಕ್ಬೇಕು!"

ಅಕ್ಕ ಕೂಗಿದಳು. ಪಿಟೀಲು ಕಾಲು ತೆಗೆಯಲಿಲ್ಲ. ರೂಮಿನ ಈ ಬದಿಯಿಂದ ಆ ಬದಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದಿದ್ದರು. ಒಂದು ತುದಿಯಲ್ಲಿ ಅಮ್ಮ, ಇನ್ನೊಂದು ತುದಿಯಲ್ಲಿ ಅಕ್ಕ. ದಾರಕ್ಕೆಲ್ಲ ನೀಲಿ ಪುಡಿ ಮೆತ್ತಿಕೊಂಡಿತ್ತು. ಅಮ್ಮ ದಾರವನ್ನು ಎರಡು ಬೆರಳಲ್ಲಿ ಮೇಲೆತ್ತಿ ಬಿಟ್ಟಳು. ಟಪ್!

ನೆಲದ ಮೇಲೆ ನೀಲಿ ಗೆರೆ ಮೂಡಿತು. ಅದರ ಒಂದು ತುಂಡು ಪಿಟೀಲಿನ ಹೆಬ್ಬೆರಳ ಮೇಲೂ ಮೂಡಿತು.

"ಗೆರೆಯಿಂದ ಆಚೆ ನಿಂದು, ಈಚೆ ನಂದು," ಎಂದಳು ಅಕ್ಕ. "ನಾಳೆ ಇಲ್ಲಿ ಗೋಡೆ ಬರುತ್ತೆ."

"ಹಾಗಾದ್ರೆ ನನ್ನ ಹೆಬ್ಬೆರಳು ಯಾರದ್ದು?"

ಅಮ್ಮನಿಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ.

ಪಿಟೀಲು ಅನ್ನುವುದು ಅವಳ ನಿಜವಾದ ಹೆಸರಲ್ಲ. ಐದನೇ ಕ್ಲಾಸಿನ ಈ ಹುಡುಗಿ ಊಟ ಮಾಡುವಾಗ ಮಾತಾಡುತ್ತಾಳೆ, ಹಲ್ಲುಜ್ಜುವಾಗ ಮಾತಾಡುತ್ತಾಳೆ, ನಿದ್ದೆಯಲ್ಲಿ ಕೂಡ ಏನಾದರೊಂದು ವರದಿ ಒಪ್ಪಿಸುತ್ತಾಳೆ. "ಪಿಟೀಲು ಕುಯ್ಯಬೇಡ, ಸುಮ್ನಿರೇ" ಎಂದು ಅಕ್ಕ ಹೇಳಿ ಹೇಳಿ, ಕೊನೆಗೆ ಆ ಹೆಸರೇ ಅವಳಿಗೆ ಅಂಟಿಕೊಂಡಿತು.

ಅಕ್ಕ ಹತ್ತನೇ ಕ್ಲಾಸು. ಅವಳ ದೊಡ್ಡ ಪರೀಕ್ಷೆ ಹತ್ತಿರ ಬಂದಿತ್ತು. "ಇವಳ ಜೊತೆ ಒಂದೇ ರೂಮಲ್ಲಿ ಓದಿದ್ರೆ ನಾನು ಪಾಸಾದ ಹಾಗೇ!" ಎಂದು ಅವಳು ಒಂದು ದಿನ ಪುಸ್ತಕ ಎಸೆದು ಅತ್ತುಬಿಟ್ಟಿದ್ದಳು. ರೂಮು ಉದ್ದವಾಗಿತ್ತು. ಹಾಲಿನ ಕಡೆಗೊಂದು, ಅಡುಗೆಮನೆ ಕಡೆಗೊಂದು, ಎರಡು ಬಾಗಿಲು ಬೇರೆ ಇದ್ದವು. ನಡುವೆ ಗೋಡೆ ಎಬ್ಬಿಸಿದರೆ ಎರಡು ರೂಮು. ಅಮ್ಮನಿಗೆ ಅದು ದೊಡ್ಡ ವಿಷಯವೇ ಅಲ್ಲ. ಮರದ ಚೌಕಟ್ಟು ನಿಲ್ಲಿಸಿ, ಅದರ ಮೇಲೆ ಹಲಗೆ ಹೊಡೆದು, ಮನೆಗಳಿಗೆ ಗೋಡೆ ಮಾಡುವುದೇ ಅವಳ ಕೆಲಸ. ತುರುಬಿನಲ್ಲಿ ಸದಾ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾಳೆ.

ಪಿಟೀಲಿಗೆ ಮಾತ್ರ ಗೋಡೆ ಬೇಡವಾಗಿತ್ತು. ದಿನಾ ದೀಪ ಆರಿಸಿದ ಮೇಲೆ ಅವಳು ಕೇಳುತ್ತಿದ್ದಳು: "ಅಕ್ಕಾ, ನಿದ್ದೆ ಬಂತಾ?"

"ಬಂತು," ಎನ್ನುತ್ತಿದ್ದಳು ಅಕ್ಕ.

ಅಷ್ಟೇ. ಆಮೇಲೆ ಪಿಟೀಲಿಗೆ ನಿಜವಾಗಿ ನಿದ್ದೆ ಬರುತ್ತಿತ್ತು. ಅಕ್ಕ ಹಾಗೆ ಹೇಳದಿದ್ದ ಒಂದು ರಾತ್ರಿಯೂ ಅವಳಿಗೆ ನೆನಪಿಲ್ಲ. ಇನ್ನು ಗೋಡೆಯನ್ನು ಕೇಳಬೇಕೇ?

"ಮುಖ ಊದಿಸ್ಕೊಂಡು ನಿಂತ್ರೆ ಆಗಲ್ಲ," ಎಂದಳು ಅಮ್ಮ. "ಬಾ, ನಂಗೆ ಲೆಕ್ಕ ಮಾಡಿಕೊಡು. ಹಿತ್ತಲಲ್ಲಿ ಹನ್ನೊಂದು ಪಟ್ಟಿ ಇದೆ. ಹೊಸ ಮರ ಬರೋಷ್ಟರಲ್ಲಿ ಅಕ್ಕನ ಪರೀಕ್ಷೆನೇ ಮುಗಿದಿರುತ್ತೆ. ಇರೋದ್ರಲ್ಲೇ ಗೋಡೆ ಆಗ್ಬೇಕು. ಆಗುತ್ತಾ ನೋಡು."

ಒಂದೊಂದು ಪಟ್ಟಿಯೂ ಎಂಟು ಅಡಿ ಉದ್ದ. ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿದರೆ ಅಮ್ಮ ಅದನ್ನು ಕಂಬ ಎನ್ನುತ್ತಾಳೆ, ಮಲಗಿಸಿದರೆ ಅಡ್ಡಪಟ್ಟಿ. ಗೋಡೆಯ ಉದ್ದ ಹನ್ನೆರಡು ಅಡಿ. ಎರಡು ಅಡಿಗೊಂದು ಕಂಬ ನಿಲ್ಲಬೇಕು.

"ಹನ್ನೆರಡನ್ನ ಎರಡರಿಂದ ಭಾಗಿಸಿದ್ರೆ ಆರು. ಆರು ಕಂಬ!" ಎಂದಳು ಪಿಟೀಲು.

"ಕೈ ತೋರಿಸು. ಬೆರಳೆಷ್ಟು?"

"ಐದು."

"ಬೆರಳ ಸಂದು ಎಷ್ಟು?"

ಪಿಟೀಲು ಎಣಿಸಿದಳು. ನಾಲ್ಕು. ಮತ್ತೆ ಎಣಿಸಿದಳು. ಮತ್ತೂ ನಾಲ್ಕೇ. ಅವಳು ನಾಲಿಗೆ ಕಚ್ಚಿಕೊಂಡಳು. "ಆರು ಅನ್ನೋದು ಸಂದು! ಕಂಬ ಏಳು!"

"ನೆಲದ ಮೇಲೊಂದು, ಮೇಲೆ ತಲೆಗೊಂದು ಅಡ್ಡಪಟ್ಟಿನೂ ಬೇಕು. ಹನ್ನೆರಡು ಹನ್ನೆರಡು ಅಡಿ."

"ಇಪ್ಪತ್ತನಾಲ್ಕು ಅಡಿ. ಅಂದ್ರೆ ಮೂರು ಪಟ್ಟಿ. ಒಟ್ಟು ಹತ್ತು! ಅಮ್ಮಾ, ಒಂದು ಉಳಿಯುತ್ತೆ!"

"ಅದು ಉಳಿಯಲ್ಲ," ಅಕ್ಕ ಪುಸ್ತಕದಿಂದ ತಲೆ ಎತ್ತಿದಳು. "ಅದು ನನ್ನ ಶೆಲ್ಫಿಗೆ. ಅಮ್ಮ ಆಗ್ಲೇ ಒಪ್ಕೊಂಡಾಗಿದೆ."

ಅಕ್ಕನ ಪುಸ್ತಕಗಳು ಮೇಜಿನ ಮೇಲೆ, ಮೇಜಿನ ಕೆಳಗೆ, ಕುರ್ಚಿಯ ಮೇಲೆ, ಎಲ್ಲಾ ಕಡೆ ಇದ್ದವು. ಅವಳು ಕೂರುವುದಕ್ಕೇ ಜಾಗ ಹುಡುಕಬೇಕಿತ್ತು.

ಆಗ ಪಿಟೀಲಿನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಗೋಡೆ ಬೇಡ ಅಂದರೆ ಯಾರೂ ಕೇಳುವುದಿಲ್ಲ. ಆದರೆ ಗೋಡೆಯಲ್ಲಿ ಒಂದು ಕಿಟಕಿ ಇದ್ದರೆ?

ಅವಳು ಅಡುಗೆಮನೆಗೆ ಓಡಿ ಬೆಂಕಿಪೊಟ್ಟಣ ತಂದಳು. "ಒಲೆ ಹಚ್ಚೋಕೆ ಒಂದು ಕಡ್ಡಿನಾದ್ರೂ ಬಿಡೇ ತಾಯಿ!" ಎಂದು ಅಪ್ಪ ಒಳಗಿನಿಂದ ಕೂಗಿದ. ಪಿಟೀಲು ನೆಲದ ಮೇಲೆ ಕಡ್ಡಿಗಳನ್ನು ಜೋಡಿಸಿ ಗೋಡೆ ಮಾಡಿದಳು. ಏಳು ಕಂಬ. ಮೇಲೆ ಕೆಳಗೆ ಅಡ್ಡಪಟ್ಟಿ. ಆಮೇಲೆ ನಡುವಿನ ಕಂಬವನ್ನು ಮುರಿದು ಮಧ್ಯದ ತುಂಡನ್ನು ತೆಗೆದಳು. ನಾಲ್ಕು ಅಡಿ ಅಗಲದ ಕಿಟಕಿ!

"ನೋಡಮ್ಮ! ಕಿಟಕಿ ಇಟ್ರೆ ಮರ ಉಳಿಯುತ್ತೆ! ಖಾಲಿ ಜಾಗಕ್ಕೆ ಮರ ಯಾಕೆ ಬೇಕು?"

ಅಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. "ಈ ಕಂಬದ ಮೇಲಿನ ತುಂಡು ಯಾವುದರ ಮೇಲೆ ನಿಂತಿದೆ?"

ಪಿಟೀಲು ನೋಡಿದಳು. "ಗಾಳಿ ಮೇಲೆ."

"ಗಾಳಿಗೆ ಮೊಳೆ ಹೊಡಿಯೋಕೆ ನಂಗೆ ಬರಲ್ಲ," ಎಂದಳು ಅಮ್ಮ. ಅವಳು ಖಾಲಿ ಜಾಗದ ಮೇಲೊಂದು, ಕೆಳಗೊಂದು ಅರ್ಧ ಕಡ್ಡಿ ಅಡ್ಡ ಇಟ್ಟಳು. "ಎರಡೂ ಸೇರಿ ಒಂದು ಪಟ್ಟಿ. ಇನ್ನು ಈ ಮೇಲಿನ ಅಡ್ಡಪಟ್ಟಿನ ಹೊರೋರ್ಯಾರು? ಈ ಕಡೆ ಒಂದು ಕಂಬ, ಆ ಕಡೆ ಒಂದು ಕಂಬ. ಈಗ ಎಣಿಸು."

"ಹದಿಮೂರು," ಎಂದಳು ಪಿಟೀಲು. ಅವಳ ದನಿ ಸಣ್ಣದಾಗಿತ್ತು. ಏನೂ ಇಲ್ಲದ ಜಾಗಕ್ಕೆ ಇಷ್ಟೊಂದು ಮರವೇ!

"ಜಾಗ ಖಾಲಿ ಬಿಡ್ಬೇಕು ಅಂದ್ರೆ ಸುತ್ತ ಹಿಡ್ಕೊಳ್ಳೋರು ಜಾಸ್ತಿ ಬೇಕು ಮರಿ. ನಮ್ಮ ಹತ್ರ ಅಷ್ಟಿಲ್ಲ."

"ನಂಗೆ ಕಿಟಕಿ ಗಿಟಕಿ ಏನೂ ಬೇಡ," ಅಕ್ಕ ಪುಟ ತಿರುವುತ್ತಾ ಹೇಳಿದಳು. "ಕಿಟಕಿ ಇಟ್ರೆ ಗೋಡೆ ಯಾಕೆ ಕಟ್ಬೇಕು?"

ಅದು ಪಿಟೀಲಿನ ಎದೆಗೇ ನಾಟಿತು. ಅವಳ ಕಣ್ಣು ತುಂಬಿ ಬಂತು. ಅಕ್ಕನಿಗೆ ತಾನು ಬೇಡವೇ ಬೇಡ ಅಂದ ಹಾಗಾಯಿತು.

"ನಿನ್ನ ಜೊತೆ ಟೂ!" ಎಂದಳು.

ಪಿಟೀಲು ಟೂ ಬಿಟ್ಟರೆ ಬಿಟ್ಟಳೇ. ಸಂಜೆಯೆಲ್ಲಾ ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಊಟಕ್ಕೆ ಕೂತಾಗ ಚಮಚದ ಸದ್ದು ಮಾತ್ರ ಕೇಳುತ್ತಿತ್ತು. "ಏನು, ನಮ್ಮನೆ ರೇಡಿಯೋ ಕೆಟ್ಟೋಯ್ತಾ?" ಎಂದು ಅಪ್ಪ ಸುತ್ತ ನೋಡಿದ. ಯಾರೂ ನಗಲಿಲ್ಲ.

ಊಟವಾದ ಮೇಲೆ ಪಿಟೀಲು ಮತ್ತೆ ಕಡ್ಡಿಗಳ ಮುಂದೆ ಕೂತಳು. ಹೆಚ್ಚಿನ ಕಡ್ಡಿಗಳನ್ನು ಒಂದೊಂದಾಗಿ ತೆಗೆದಳು. ಮುರಿದ ಕಂಬದ ಜಾಗಕ್ಕೆ ಹೊಸ ಕಡ್ಡಿ ಇಟ್ಟಳು. ಏಳು ಕಂಬ, ಆರು ಸಂದು. ನೋಡುತ್ತಾ ನೋಡುತ್ತಾ ಅವಳು ತಟ್ಟನೆ ನೆಟ್ಟಗೆ ಕೂತಳು. ಸಂದು ಹೇಗೂ ಖಾಲಿಯೇ ಇದೆಯಲ್ಲ! ಯಾವ ಕಂಬವನ್ನೂ ಕತ್ತರಿಸದೆ, ಒಂದು ಸಂದಿನೊಳಗೇ ಕಿಟಕಿ ಇಟ್ಟರೆ? ನಾಲ್ಕು ಅಡಿ ಯಾಕೆ, ಎರಡು ಅಡಿ ಧಾರಾಳವಾಯಿತು. ಮೇಲೊಂದು, ಕೆಳಗೊಂದು ಗಿಡ್ಡ ತುಂಡು ಸಾಕು. ಅವಳು ಎರಡು ಚೂರು ಕಡ್ಡಿಗಳನ್ನು ಒಂದು ಸಂದಿನಲ್ಲಿ, ನಿಂತರೆ ತನ್ನ ಮುಖ ಬರುವ ಎತ್ತರಕ್ಕೆ ಇಟ್ಟು ನೋಡಿದಳು. ಚೆನ್ನಾಗಿತ್ತು.

ಆದರೆ ಆ ಎರಡು ಗಿಡ್ಡ ತುಂಡು ಎಲ್ಲಿಂದ ಬರಬೇಕು? ಹತ್ತು ಪಟ್ಟಿ ಗೋಡೆಗೇ ಸರಿಹೋಗುತ್ತದೆ. ಅವಳು ಮನೆಯೆಲ್ಲಾ ಹುಡುಕಿದಳು. ಪೊರಕೆಯ ಹಿಡಿ ಸಣ್ಣದಾಯಿತು. ಅಪ್ಪನ ಹಳೆಯ ಕೊಡೆಯ ಕೋಲು ಕೈಗೆತ್ತಿಕೊಳ್ಳುತ್ತಲೇ ಎರಡಾಯಿತು. ಅದನ್ನು ಹಾಗೇ ಬಾಗಿಲ ಹಿಂದೆ ಒರಗಿಸಿ, ಏನೂ ಆಗದವಳಂತೆ ಬಂದಳು.

ಉಳಿದಿರುವುದು ಹನ್ನೊಂದನೇ ಪಟ್ಟಿ. ಅಕ್ಕನನ್ನು ಕೇಳೋಣವೆಂದರೆ ಟೂ ಬಿಟ್ಟಾಗಿದೆ. ಅಕ್ಕ ಕುರ್ಚಿಯ ಮೇಲಿನ ಪುಸ್ತಕಗಳನ್ನು ಎತ್ತಿ ಮಂಚದ ಮೇಲಿಟ್ಟು, ಮಂಚದ ಮೇಲಿನವನ್ನು ಎತ್ತಿ ನೆಲದ ಮೇಲಿಡುತ್ತಿದ್ದಳು. ಅವಳಿಗೂ ಶೆಲ್ಫು ಬೇಕೇ ಬೇಕು. ಪಿಟೀಲು ಕಡ್ಡಿಗಳನ್ನು ಹಾಗೇ ನೆಲದ ಮೇಲೆ ಬಿಟ್ಟು ಮಲಗಿದಳು.

ದೀಪ ಆರಿತು. ಅವಳು ಏನೂ ಕೇಳಲಿಲ್ಲ. ಅಕ್ಕ ಸುಮ್ಮಸುಮ್ಮನೆ ಎರಡು ಸಲ ಕೆಮ್ಮಿದಳು.

ಬೆಳಿಗ್ಗೆ ಎದ್ದಾಗ ಕಡ್ಡಿಯ ಗೋಡೆ ಹಾಗೇ ಇತ್ತು. ಕಿಟಕಿಯ ಎರಡು ಚೂರು ಮಾತ್ರ ಕೆಳಗೆ, ನೆಲದ ಹತ್ತಿರಕ್ಕೆ ಸರಿದಿದ್ದವು. ಅಪ್ಪ ಕಸ ಗುಡಿಸುವಾಗ ಪೊರಕೆ ತಗುಲಿರಬೇಕು ಎಂದುಕೊಂಡಳು ಪಿಟೀಲು. ಸರಿಪಡಿಸಲು ಮನಸ್ಸಾಗಲಿಲ್ಲ.

ಅಂದು ರಜೆ. ಬೆಳಿಗ್ಗೆಯಿಂದಲೇ ಗರಗಸದ ಸದ್ದು ಶುರುವಾಯಿತು. ಪಟ್ಟಿಗಳನ್ನು ಒಳಗೆ ತಂದು ಕೊಡುವುದು ಪಿಟೀಲಿನ ಕೆಲಸ. ಅವಳು ಒಂದು ತುದಿ ಹಿಡಿದರೆ ಅಪ್ಪ ಇನ್ನೊಂದು ತುದಿ ಹಿಡಿಯುತ್ತಿದ್ದ. ಹತ್ತನೆಯದು ಒಳಗೆ ಬಂತು. ಹನ್ನೊಂದನೆಯದು ಹಿತ್ತಲ ಗೋಡೆಗೆ ಒರಗಿ ಒಂಟಿಯಾಗಿ ನಿಂತಿತ್ತು.

ಮಧ್ಯಾಹ್ನದ ಹೊತ್ತಿಗೆ ಕಂಬಗಳು ನಿಂತವು. ಇನ್ನೂ ಹಲಗೆ ಹೊಡೆದಿರಲಿಲ್ಲ. ಪಿಟೀಲು ಸಂದಿನಲ್ಲಿ ನುಸುಳಿ ಆಚೆ ಹೋದಳು, ಈಚೆ ಬಂದಳು, ಮತ್ತೆ ಆಚೆ ಹೋದಳು. ಇವತ್ತೊಂದು ದಿನ ತಾನೇ.

"ಮೊಳೆ ಸಾಲಲ್ಲ," ಎಂದಳು ಅಮ್ಮ. "ಅಪ್ಪನ ಜೊತೆ ಹೋಗಿ ತಗೊಂಡು ಬಾ."

ಅಂಗಡಿ ದೂರ. ಅಲ್ಲಿ ಜನ ಬೇರೆ ಜಾಸ್ತಿ. ವಾಪಸ್ಸು ಬರುವಾಗ ಪಿಟೀಲು ಹಿತ್ತಲ ಕಡೆಯಿಂದಲೇ ಬಂದಳು. ಗೋಡೆಗೆ ಒರಗಿದ್ದ ಪಟ್ಟಿ ಇರಲಿಲ್ಲ. ನೆಲದ ಮೇಲೆ ಆಗಷ್ಟೇ ಕೊಯ್ದ ಮರದ ಹೊಟ್ಟು ಬಿದ್ದಿತ್ತು.

ಅವಳಿಗೆ ಸಿಟ್ಟು ನೆತ್ತಿಗೇರಿತು. ಗೋಡೆ ಮುಗಿಯುವ ಮುಂಚೆಯೇ ಶೆಲ್ಫು! ಅಷ್ಟು ಅವಸರವೇ! ಟೂ ಬಿಟ್ಟವರು ಜಗಳ ಆಡಬಹುದೋ ಇಲ್ಲವೋ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಆಡಿಯೇಬಿಡೋಣ ಎಂದು ಒಳಗೆ ನುಗ್ಗಿದಳು.

ಹಲಗೆಗಳು ಅರ್ಧಕ್ಕಿಂತ ಹೆಚ್ಚು ಬಂದಿದ್ದವು. ಅವಳ ಕಡೆಯ ರೂಮು ಪುಟ್ಟದಾಗಿ, ಬೇರೆ ಯಾರದ್ದೋ ಹಾಗೆ ಕಾಣುತ್ತಿತ್ತು. ಮಂಚವನ್ನು ಗೋಡೆಯ ಪಕ್ಕಕ್ಕೆ ತಳ್ಳಿದ್ದರು. ಮಂಚದ ತಲೆಯ ಹತ್ತಿರ, ಎರಡು ಕಂಬಗಳ ನಡುವೆ, ಒಂದು ಕಿಂಡಿ. ಅದರ ಮೇಲೊಂದು, ಕೆಳಗೊಂದು ಗಿಡ್ಡ ಅಡ್ಡಪಟ್ಟಿ. ಅಮ್ಮ ಅದರ ಅಂಚನ್ನು ಉಜ್ಜಿ ನುಣುಪು ಮಾಡುತ್ತಿದ್ದಳು.

ಪಿಟೀಲು ಹತ್ತಿರ ಹೋಗಿ ಬಗ್ಗಿ ನೋಡಿದಳು. ಅವಳ ಬಾಯಿಂದ ಮೊದಲು ಬಂದಿದ್ದು ತಕರಾರೇ. "ಇಷ್ಟು ಕೆಳಗ್ಯಾಕೆ ಇಟ್ಟೆ ಅಮ್ಮ? ಇದ್ರಲ್ಲಿ ನೋಡ್ಬೇಕು ಅಂದ್ರೆ ಮಲಗ್ಬೇಕು!"

"ನನ್ನ ಕೇಳ್ಬೇಡ. ಅಳತೆ ಕೊಟ್ಟಿದ್ದು ನಾನಲ್ಲ," ಎಂದು ಅಮ್ಮ ಎದ್ದು ಹೋದಳು.

ಪಿಟೀಲು ಮಂಚ ಹತ್ತಿ ದಿಂಬಿಗೆ ತಲೆಯಿಡಲು ಹೋದಳು. ಬಿಳಿ ದಿಂಬಿನ ಮೇಲೆ ಒಂದು ನೀಲಿ ಬೆರಳಚ್ಚು ಇತ್ತು. ಅವಳು ತನ್ನ ಕಾಲಿನ ಹೆಬ್ಬೆರಳು ನೋಡಿಕೊಂಡಳು. ಅಲ್ಲಿಯೂ ಅದೇ ನೀಲಿ. ನಿನ್ನೆ ಅಮ್ಮನ ಎದುರು ದಾರದ ಇನ್ನೊಂದು ತುದಿ ಹಿಡಿದಿದ್ದವಳು ಯಾರೆಂದು ಅವಳಿಗೆ ಗೊತ್ತಿತ್ತು.

ಈ ಅಳತೆ ತೆಗೆಯಬೇಕಾದರೆ ಅಕ್ಕ ಇಲ್ಲಿ ಮಲಗಿರಬೇಕು. ಇದೇ ದಿಂಬಿನ ಮೇಲೆ ತಲೆಯಿಟ್ಟು, ಬಾಯಿ ಎಲ್ಲಿಗೆ ಬರುತ್ತದೆ, ಕಿವಿ ಎಲ್ಲಿಗೆ ಬರುತ್ತದೆ ಎಂದು ನೋಡಿರಬೇಕು. ಕಡ್ಡಿಯ ಚೂರುಗಳು ಪೊರಕೆ ತಗುಲಿ ಸರಿದಿದ್ದಲ್ಲ.

ಪಿಟೀಲು ಮಲಗಿ ಕಿಂಡಿಯಲ್ಲಿ ನೋಡಿದಳು. ಆಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಅಕ್ಕನ ದಿಂಬು ಇತ್ತು. ಅಕ್ಕನೂ ತನ್ನ ಮಂಚವನ್ನು ಈ ಗೋಡೆಗೇ ಎಳೆದುಕೊಂಡಿದ್ದಳು. ಅದರ ಆಚೆ ಪುಸ್ತಕಗಳು ನೆಲದ ಮೇಲೆ ಸಾಲಾಗಿ ಗೋಡೆಗೆ ಒರಗಿದ್ದವು. ಅಕ್ಕ ಮೇಜಿನ ಮುಂದೆ ಬೆನ್ನು ತಿರುಗಿಸಿ ಕೂತು ಓದುತ್ತಿದ್ದಳು.

ಹೊರಗೆ ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಆದರೂ ಪಿಟೀಲು ಮೆಲ್ಲಗೆ ಕೇಳಿದಳು:

"ಅಕ್ಕಾ, ನಿದ್ದೆ ಬಂತಾ?"

ಅಕ್ಕ ತಿರುಗಲಿಲ್ಲ. ಪುಟ ಮಾತ್ರ ತಿರುವಿದಳು.

"ಬಂತು," ಎಂದಳು.

ಪಿಟೀಲಿನ ಬಾಯಲ್ಲಿ ಇನ್ನೂ ಬೇಕಾದಷ್ಟು ಮಾತಿತ್ತು. ಅಂಗಡಿಯಲ್ಲಿ ಕಂಡ ಕುಂಟ ನಾಯಿಯ ವಿಷಯ ಇತ್ತು. ಕೊಡೆಯ ವಿಷಯವೂ ಇತ್ತು. ಅವಳು ಕಿಂಡಿಯಲ್ಲಿ ಇನ್ನೊಂದು ಸಲ ನೆಲದ ಮೇಲಿನ ಪುಸ್ತಕಗಳನ್ನು ನೋಡಿದಳು. ಎಲ್ಲಾ ಮಾತುಗಳನ್ನೂ ನುಂಗಿಕೊಂಡು, ಸದ್ದಾಗದ ಹಾಗೆ ಮಂಚ ಇಳಿದಳು.

ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಹಾಲಿಗೆ ಬಂದ. ಪಿಟೀಲು ನೆಲದ ಮೇಲೆ ಬೋರಲು ಮಲಗಿದ್ದಳು. ಪಕ್ಕದಲ್ಲಿ ಹನ್ನೊಂದನೇ ಪಟ್ಟಿಯ ಉಳಿದ ಅರ್ಧ ಬಿದ್ದಿತ್ತು. ಮುಂದೆ ಬೆಂಕಿಪೊಟ್ಟಣ. ಒಂದು ಕಡ್ಡಿಯನ್ನು ಸರಿಯಾಗಿ ಅರ್ಧಕ್ಕೆ ಮುರಿದು, ಆ ಅರ್ಧವನ್ನು ಮತ್ತೆ ಮತ್ತೆ ಚೂರು ಮಾಡಿ, ಒಂದು ಪುಟ್ಟ ಶೆಲ್ಫು ಹೇಗೆ ನಿಲ್ಲುತ್ತದೆ ಎಂದು ಜೋಡಿಸಿ ನೋಡುತ್ತಿದ್ದಳು. ತುಟಿ ಬಿಗಿಯಾಗಿ ಮುಚ್ಚಿತ್ತು.

"ಏನಿದು, ರೇಡಿಯೋ ಮತ್ತೆ ಕೆಟ್ಟೋಯ್ತಾ?" ಅಪ್ಪ ಜೋರಾಗಿ ಕೇಳಿದ.

ಪಿಟೀಲು ತಲೆ ಎತ್ತಿ, ತುಟಿಯ ಮೇಲೆ ಬೆರಳಿಟ್ಟಳು.

"ಶ್! ಅಕ್ಕ ಓದ್ತಿದಾಳೆ."