ಅಂಟು ಆರುವ ಮುಂಚೆ

ಸಂಡೂರು ರಸ್ತೆಯ ಅಂಚಿನಲ್ಲಿ ಒಬ್ಬ ಮನುಷ್ಯ ಅಂಗಾತ ಬಿದ್ದಿದ್ದ. ಮಧ್ಯಾಹ್ನ ಎರಡು ಗಂಟೆ. ಅದಿರಿನ ಲಾರಿಗಳು ಕೆಂಪು ದೂಳಿಗೆ ಹಗಲಲ್ಲೇ ದೀಪ ಹಾಕಿಕೊಂಡು ಅವನ ಪಕ್ಕದಲ್ಲೇ ಹೋಗುತ್ತಿದ್ದವು. ಎದೆ ಜಜ್ಜಿಹೋಗಿತ್ತು. ಜೇಬಿನಲ್ಲಿ ಒಡೆದ ಸಾರಾಯಿ ಪಾಕೀಟು.

ಎಎಸ್‌ಐ ಮೈಲಾರಲಿಂಗಪ್ಪ ಪಂಚನಾಮೆ ಬರೆದ. ಆ ತಿಂಗಳ ಒಂಬತ್ತನೆಯದು. ‘ಬೆರಳುಗಳಿಗೆ ಬೆಳ್ಳಗಿನ ಪೊರೆ ಅಂಟಿದೆ’ ಎಂದೂ ಬರೆದ. ಅದೇನು ಎಂದು ಕೇಳಿಕೊಳ್ಳಲಿಲ್ಲ. ಈ ರಸ್ತೆಯ ಹೆಣಗಳನ್ನು ನೋಡಿ ನೋಡಿ ಅವನಿಗೆ ಏನೂ ಅನಿಸುತ್ತಿರಲಿಲ್ಲ. ಹಾಗಾಗಿದೆ ಎಂಬುದು ಅವನಿಗೂ ಗೊತ್ತಿತ್ತು.

ಸತ್ತವನು ಬಡಗಿ ಗುಡ್ಡಪ್ಪ. ‘ಕುಡಿದು ಅಡ್ಡ ಬಂದು ಗುರುತಿಲ್ಲದ ಲಾರಿಗೆ ಸಿಕ್ಕಿದ್ದಾನೆ’ ಎಂಬ ಹೇಳಿಕೆಗೆ ಹೆಂಡತಿ ಚೆನ್ನಬಸಮ್ಮನ ಹೆಬ್ಬೆಟ್ಟು ಬಿದ್ದರೆ ಕೇಸು ಮುಗಿಯುತ್ತಿತ್ತು. ಅವಳು ಕೈ ಚಾಚಲಿಲ್ಲ.

“ಕುಡದಿದ್ದ ಅನ್ನೋದು ತಗೀರಿ ಸಾಹೇಬ್ರ.”

“ಜೇಬಿನಾಗ ಪಾಕೀಟು ಸಿಕ್ಕೈತಲ್ಲವ್ವ?”

“ಅವ ಹುಟ್ಟಿದಾಗಿಂದ ಮುಟ್ಟಿಲ್ರಿ. ನನ್ನ ಮಗಳು ಬುಕ್ಕಸಾಗರದ ಗಂಡನ ಮನ್ಯಾಗ ಕುಡುಕನ ಮಗಳು ಅನ್ನಿಸ್ಕೊಂಡು ಬಾಳ್ವಿ ಮಾಡ್ಬೇಕೇನ್ರಿ?”

ಅವಳು ಅಳಲೂ ಇಲ್ಲ, ಎದ್ದು ಹೋಗಲೂ ಇಲ್ಲ. ಮರುದಿನ ಬೆಳಿಗ್ಗೆ ಬೇಸರದಿಂದಲೇ ಮೈಲಾರಲಿಂಗಪ್ಪ ಗುಡ್ಡಪ್ಪ ಕೆಲಸಕ್ಕಿದ್ದ ಮರಗೆಲಸದ ಶೆಡ್ಡಿಗೆ ಹೋದ.

ಶೆಡ್ಡಿನ ಮಾಲೀಕ ಮುರುಗೇಶ್. ಅದಿರಿನ ಭರಾಟೆಯ ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿ ಲಾರಿ ಕೊಳ್ಳದವನನ್ನು ಜನ ದಡ್ಡ ಅನ್ನುತ್ತಿದ್ದರು. ಹಾಲು ಮಾರುವವನೂ ಕೊಂಡ, ಶಾಲೆ ಮಾಸ್ತರನೂ ಕೊಂಡ, ಮುರುಗೇಶ್ ಬಿಟ್ಟಾನೆಯೇ? ಅಂಗಳದ ತುಂಬ ಅವನ ಟಿಪ್ಪರ್ ನಿಂತಿತ್ತು.

“ಗುಡ್ಡಪ್ಪ ಎಷ್ಟೊತ್ತಿಗೆ ಹೋದ?”

“ಹನ್ನೆರಡಕ್ಕ ಕೆಲ್ಸ ಮುಗ್ಸಿ ಕುಡ್ಯಾಕ ಹೋದ್ನರಿ,” ಅಂದ ಮುರುಗೇಶ್. “ನಮ್ಮ ಲಾರಿ ನಿನ್ನಿ ಹೊರಗ ತಗದ ಇಲ್ರಿ.”

ಲಾರಿಯ ಮಾತನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಆದರೆ ಹೆಗಲು ಮುಟ್ಟಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಒಳಗೆ ಮೇಜಿನ ಮೇಲೆ ಐದು ತೇಗದ ಹಲಗೆಗಳು ಸಾಲಾಗಿ ಮಲಗಿದ್ದವು. ಅವುಗಳ ಅಡಿಯಲ್ಲಿ ಹಲಗೆಗಳನ್ನು ಬಿಗಿಹಿಡಿಯುವ ಮೂರು ಉದ್ದನೆಯ ಪೈಪ್ ಕ್ಲಾಂಪುಗಳು, ಬಾಯಿ ತೆರೆದುಕೊಂಡೇ. ಜೊತೆ ಬಡಗಿ ಎರ್ರಿಯಪ್ಪ ಅವನ್ನೇ ನೋಡುತ್ತ ನಿಂತಿದ್ದ. ಹಿಂದಿನ ದಿನ ಅವನು ಕಂಪ್ಲಿಯಲ್ಲಿ ಕಿಟಕಿ ಕೂರಿಸುತ್ತಿದ್ದ.

“ಇದೇನು?”

“ಊಟದ ಮೇಜಿನ ಮ್ಯಾಲಿನ ಹಲಗಿರಿ. ಅಂಚಿಗೆ ಅಂಟು ಹಚ್ಚಿ, ಕೂಡ್ಸಿ, ಕ್ಲಾಂಪ್ ಬಿಗೀಬೇಕು.” ಎರ್ರಿಯಪ್ಪ ಸಂದಿನಲ್ಲಿ ಬೆರಳಾಡಿಸಿದ. “ಬಿಗದಿಲ್ರಿ. ಅಂಟು ಹಂಗ ಒಣಗೈತಿ.”

“ಹಚ್ಚಿದ ಮ್ಯಾಲ ಎಷ್ಟೊತ್ತು ತಡಿತೈತಿ?”

“ಈ ಬಿಸಿಲಾಗ? ಹತ್ತು ನಿಮಿಷ ಭಾಳಾತು. ಆಮ್ಯಾಲ ಹಲಗಿ ಹಾಳು.”

“ಹಚ್ಚಿಟ್ಟು ಕುಡ್ಯಾಕ ಹೋಗ್ತಾರೇನು?”

“ಒಂದಕ್ಕೂ ಹೋಗಂಗಿಲ್ರಿ ಸಾಹೇಬ್ರ!”

ಮೈಲಾರಲಿಂಗಪ್ಪ ಗೋಡೆಯ ಕಡೆ ನೋಡಿದ. ಅಲ್ಲಿ ಇನ್ನೂ ಹತ್ತಾರು ಕ್ಲಾಂಪುಗಳು ನೇತಾಡುತ್ತಿದ್ದವು. “ಮೂರ ಸಾಕಾ?”

“ಕೆಳಗ ಮೂರು, ಮ್ಯಾಲ ಎರಡು. ಮ್ಯಾಲ ಹಾಕದಿದ್ರ ಹಲಗಿ ಬಾಗ್ತೈತಿ. ಗೋಡಿಗಿರೋವು ಸಣ್ಣವು, ನಿಲುಕೂದಿಲ್ಲ. ಇದಕ್ಕ ನಾಕು ಅಡೀವ ಬೇಕು. ಅವೆರಡು ಹೊರಗ, ಕಂಪೌಂಡಿಗೆ ಆನಿಸಿದ್ವಿ.”

“ಮೊದಲ ಯಾಕ ತಂದಿಟ್ಕೊಳ್ಳಿಲ್ಲ?”

ಎರ್ರಿಯಪ್ಪನ ದನಿ ಇಳಿಯಿತು. “ಅವ ಕೂಡ್ಸೋದು, ನಾ ತಂದು ಕೊಡೋದು. ಹನ್ನೊಂದು ವರ್ಷದ ರೂಢಿರಿ. ನಾ ಇಲ್ಲ ಅನ್ನೋದು ಮರೆತಾನ.”

ಕಂಪೌಂಡ್ ಗೋಡೆಗೆ — ಟಿಪ್ಪರಿನ ಬೆನ್ನ ಹಿಂದೆಯೇ — ಒಂದೇ ಕ್ಲಾಂಪು ಆನಿಕೊಂಡಿತ್ತು. ಇನ್ನೊಂದು ಗುಜರಿ ರಾಶಿಯಲ್ಲಿ ಸಿಕ್ಕಿತು. ಪೈಪು ನಡುವಿಗೆ ಬಾಗಿತ್ತು.

“ಅದು ಹಳೇದ್ರಿ,” ಅಂದ ಮುರುಗೇಶ್.

ಮೈಲಾರಲಿಂಗಪ್ಪ ಅದನ್ನು ಬಿಸಿಲಿಗೆ ಹಿಡಿದ. ಪೈಪಿನ ಮೇಲೆ ನಾಲ್ಕು ಬೆರಳಿನ ಗುರುತು. ಒಣಗಿದ ಅಂಟು.

“ಈ ಅಂಟು ನಿನ್ನಿ ಹೆಣದ ಬೆರಳಿಗೂ ಇತ್ತು,” ಅಂದ ಮೈಲಾರಲಿಂಗಪ್ಪ. “ನನ್ನ ಕೈಯ್ಯಾರ ಬರದೀನಿ, ತಲಿಗೆ ಹೋಗ್ಲಿಲ್ಲ. ಮುರುಗೇಶ್, ಅವ ಅಂಟು ಹಚ್ಚಿದ. ಮ್ಯಾಲಿನ ಎರಡು ತರಾಕ ಹೊರಗ ಓಡಿದ. ಅಂಟು ಆರಿಬಿಡ್ತೈತಿ, ಹಿಂದಮುಂದ ನೋಡಾಕ ಪುರುಸೊತ್ತಿಲ್ಲ. ಒಂದನ್ನ ಹಿಡಕೊಂಡ, ಅಷ್ಟರಾಗ ನೀ ಲಾರಿ ಹಿಂದಕ್ಕ ತಗದಿ. ರಸ್ತ್ಯಾಗ ಸತ್ತವನ ಹಸಿ ಅಂಟಿನ ಬೆರಳಗುರುತು ನಿನ್ನ ಅಂಗಳದ ಪೈಪಿಗೆ ಹೆಂಗ ಬಂತು, ಹೇಳು?”

ಮುರುಗೇಶ್ ಟಿಪ್ಪರಿಗೆ ಬೆನ್ನು ಕೊಟ್ಟು ಕೂತ. “ಬೇಕಂತ ಮಾಡಿಲ್ರಿ. ಕಾಣ್ಲಿಲ್ಲ. ಲಾರಿ ಜಪ್ತಿ ಆಕ್ಕೈತಿ ಅಂತ ಹೆದರಿ...”

“ಅದಕ್ಕ ಕ್ಯಾಬಿನ್‌ನಾಗ ಹಾಕ್ಕೊಂಡು ರಸ್ತಿಗೆ ಇಳಿಸಿದಿ. ಜೇಬಿಗೆ ಪಾಕೀಟೂ ಇಟ್ಟಿ.” ಮೈಲಾರಲಿಂಗಪ್ಪ ಬಾಗಿದ ಪೈಪನ್ನು ಕೆಳಗಿಟ್ಟ. “ಆಗ ಜೀವ ಇತ್ತಾ?”

“...ಇತ್ರಿ. ನೀರು ಕೇಳಿದ.”

“ಕೊಟ್ಟ್ಯಾ?”

ಮುರುಗೇಶ್ ತಲೆ ಅಡ್ಡಡ್ಡ ಆಡಿಸಿದ.

ಸಂಜೆ ಠಾಣೆಯಲ್ಲಿ ಮೈಲಾರಲಿಂಗಪ್ಪ ಹೇಳಿಕೆಯನ್ನು ಹೊಸದಾಗಿ ಬರೆದು ಚೆನ್ನಬಸಮ್ಮನಿಗೆ ಓದಿ ಹೇಳಿದ. ಗುಡ್ಡಪ್ಪ ಕುಡಿದಿರಲಿಲ್ಲ. ಕೆಲಸ ಮಾಡುತ್ತಲೇ ಲಾರಿಗೆ ಸಿಕ್ಕಿದ.

“ನನಗ ಗೊತ್ತಿತ್ರಿ,” ಅಂದಳು ಅವಳು. ಆಮೇಲೆ ಕೇಳಿದಳು: “ಹೋಗೋ ಮುಂದ ಏನರ ಅಂದ್ನಾ?”

ಸುಳ್ಳು ಹೇಳಿಬಿಡೋಣ ಅನಿಸಿತು ಅವನಿಗೆ. ಆಗಲಿಲ್ಲ. “ನೀರು ಕೇಳಿದ್ನಂತ, ತಾಯಿ.”

ಚೆನ್ನಬಸಮ್ಮ ಕಾಗದವನ್ನು ಅವನ ಕಡೆಗೆ ಸರಿಸಿದಳು.

“ಅದನ್ನೂ ಬರೀರಿ.”

ಬರೆದ. ಓದಿ ಹೇಳಲು ಹೋದವನು ‘ನೀರು’ ಎಂಬಲ್ಲಿ ತಡವರಿಸಿ, ಆ ಸಾಲನ್ನು ಮತ್ತೆ ಮೊದಲಿಂದ ಹಿಡಿದ. ಅವಳು ಕಾದಳು.